ಶಿಲೀಂಧ್ರದ ಮರ್ಮಸ್ಥಾನ

ಪುಣೆಯ ಸಮೀಪದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಪೆನಿಸಿಲಿನ್ನಿನ ಹೆಸರಿನೊಡನೆ ಸ್ಮರಿಸುವುದು ವಾಡಿಕೆ. ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರು, ಅಲ್ಲಿಯ ಸಂಶೋಧನ ವಿಭಾಗದಲ್ಲಿ ಸಹೋದ್ಯೋಗಿಗಳೊಡನೆ 1960ರ ದಶಕದ ಆರಂಭದಲ್ಲಿ ಹೊರತಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅದನ್ನು ಸ್ರವಿಸುವ ಸೂಕ್ಷ್ಮಜೀವಿಗೆ ಊರಿನ ಹೆಸರನ್ನೇ ಸೇರಿಸಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಕರೆದರು. 1950ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ವಿದುಷಿಯರು ನ್ಯೂಯಾರ್ಕ್ ಸ್ಟೇಟಿನ ನೆನಪಿಗೆ ತಮ್ಮ ಔಷಧವನ್ನು ನಿಸ್ಟಾಟಿನ್ ಎಂದು ಕರೆದುದೂ ಇಂಥದೇ ಅಭಿಮಾನದಿಂದ.

ಇವೆರಡೂ, ವೆನೆಜುವೆಲಾದ ಒರಿನೋಕೊ ನದಿಯ ಸೀಮೆಯ ಮಣ್ಣಿನಿಂದ ಬಂದ ಆಂಫೊಟೆರಿಸಿನ್ ಸಹ, ಪಾಲಿಯೀನ್ ಕುಲದವು. ಅವು ಶಿಲೀಂಧ್ರವನ್ನು ಕೊಲ್ಲುತ್ತವೆಂಬುದು ಮೊದಲು ಗೊತ್ತಾಯಿತು. ಯಾವ ಮರ್ಮಸ್ಥಾನವನ್ನು ತಾಗಿ ಕೊಲ್ಲುತ್ತವೆಂಬುದು ಅನಂತರ. ಈ ವಿಲಂಬವು ಅಲ್ಪವಾದ ಸಂಗತಿಯಲ್ಲ. ಬ್ಯಾಕ್ಟೀರಿಯಗಳು ನಮಗೆ ದೂರದವು. ಶಿಲೀಂಧ್ರಗಳಾದರೋ ಜೀವವಿಕಾಸದ ದೃಷ್ಟಿಯಿಂದ ಪ್ರಾಣಿಗಳಿಗೆ ಹತ್ತಿರದ ದಾಯಾದಿಗಳು. ಅವುಗಳ ಕೋಶಕ್ಕೆ ವಿಷವಾದುದು ನಮ್ಮ ಕೋಶಕ್ಕೂ ವಿಷವಾಗುವ ಭಯ ಸದಾ ಉಂಟು.

1958ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗಾಟ್ಲೀಬ್ ಮತ್ತು ಅವರ ಸಂಗಡಿಗರು, ಪಾಲಿಯೀನ್ ಬೆರೆತ ದ್ರವದಲ್ಲಿ ಸ್ಟೆರಾಲನ್ನು ಕೂಡಿಸಿದರೆ ಶಿಲೀಂಧ್ರವು ಬದುಕಿಕೊಳ್ಳುವುದೆಂದು ತೋರಿಸಿದರು. ಔಷಧವು ಹಿಡಿಯುವುದು ಸ್ಟೆರಾಲನ್ನು ಎಂಬ ಸುಳಿವು ಅಲ್ಲಿ ದೊರೆಯಿತು. ಶಿಲೀಂಧ್ರದ ಕೋಶಪೊರೆಯಲ್ಲಿರುವುದು ಎರ್ಗೊಸ್ಟೆರಾಲ್, ನಮ್ಮದರಲ್ಲಿರುವುದು ಕೊಲೆಸ್ಟೆರಾಲ್. ರೂಪದಲ್ಲಿ ಬಹುಮಟ್ಟಿಗೆ ಅವಳಿಜವಳಿ. ಆಂಫೊಟೆರಿಸಿನ್ ಇವೆರಡನ್ನೂ ಹಿಡಿಯುವುದರಿಂದ ರೋಗಿಯ ಮೂತ್ರಪಿಂಡವು ಹಾನಿಗೊಳ್ಳುತ್ತಿತ್ತು. ಮುಂದೆ ಬಂದ ಅಜೋಲ್ ಔಷಧಗಳು ಕೂಡ ಆ ಎರ್ಗೊಸ್ಟೆರಾಲಿನ ತಯಾರಿಕೆಯನ್ನೇ ತಡೆದವು. ಹೀಗೆ ಎರಡು ಔಷಧಕುಲಗಳ ಭಾರವನ್ನು ಒಂದೇ ವಸ್ತುವಿನ ಮೇಲೆ ಹೊರಿಸಿದುದು ದೂರದೃಷ್ಟಿಯ ಮಾತೆಂದು ನನಗೆ ತೋರದು.

ಹೊಸ ಮರ್ಮಸ್ಥಾನವೊಂದು ಚಿಕಿತ್ಸೆಗೆ ಒದಗಿದುದು 2001ರಲ್ಲಿ. ಆಗ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಪೊಫಂಜಿನ್, ಕೋಶಭಿತ್ತಿಯ ಗ್ಲೂಕಾನನ್ನು ನೆಯ್ಯುವ ಕಿಣ್ವವನ್ನು ತಡೆಯುತ್ತದೆ. ಮನುಷ್ಯಕೋಶಕ್ಕೆ ಭಿತ್ತಿಯೇ ಇಲ್ಲ. ಆದರೆ 2021ರಲ್ಲಿ ಭಾರತದಲ್ಲಿ ಕೋವಿಡ್ಡಿನ ಬೆನ್ನಿಗೆ ಹಬ್ಬಿದ ಮ್ಯೂಕರ್‌ಮೈಕೋಸಿಸ್ ರೋಗಕ್ಕೆ ಅದು ಸಾಲದು. ಆಂಫೊಟೆರಿಸಿನ್ನಿಗಾಗಿ ರೋಗಿಗಳ ಬಂಧುಗಳು ಊರೂರು ಅಲೆಯಬೇಕಾಯಿತು.

ಹಳೆಯ ಮರ್ಮಸ್ಥಾನದ ಅಧ್ಯಯನವೂ ಮುಗಿದಿರಲಿಲ್ಲ. ಅದೇ ಇಲಿನಾಯ್‌ನಲ್ಲಿ ಮಾರ್ಟಿನ್ ಬರ್ಕ್ ಮತ್ತು ಸಹಸಂಶೋಧಕರು, ಆಂಫೊಟೆರಿಸಿನ್ ಪೊರೆಯಿಂದ ಎರ್ಗೊಸ್ಟೆರಾಲನ್ನು ಸ್ಪಂಜಿನಂತೆ ಹೀರಿ ತೆಗೆಯುತ್ತದೆಂದು 2014ರಲ್ಲಿ ತೋರಿಸಿದರು. ಕೊಲೆಸ್ಟೆರಾಲನ್ನು ಬಿಟ್ಟು ಎರ್ಗೊಸ್ಟೆರಾಲನ್ನಷ್ಟೇ ಬೇಗನೆ ಹೀರುವಂತೆ ಮಾರ್ಪಡಿಸಿದ ಅಣುವೊಂದನ್ನು 2023ರಲ್ಲಿ ಪ್ರಕಟಿಸಿದರು. ಆ ಪ್ರಯೋಗಗಳಲ್ಲಿ ಇಲಿಗಳ ಮೂತ್ರಪಿಂಡ ಕೆಡಲಿಲ್ಲ.