ಪದದ ಕೊನೆಗೆ ಹೆಸರು

ನಮ್ಮ ಜತ್ತ ಸೀಮೆಯ ಭಜನಿ ಮಂದಿಗೆ, ಪದ ಯಾರು ಕಟ್ಟಿದ್ದು ಅಂತ ಕೇಳುವ ಪ್ರಸಂಗ ಬಹಳ ಬರೂದಿಲ್ಲ. ಕೊನೆಯ ನುಡಿ ಬಂತಂದ್ರ ಅಂಕಿತ ಬರತೈತಿ. ಪುರಂದರವಿಠಲ ಅಂದ್ರ ಪುರಂದರದಾಸರು, ಶಿಶುನಾಳಧೀಶ ಅಂದ್ರ ಶರೀಫ ಸಾಹೇಬರು. ಹೆಸರು ದೇವರದು, ಗುರುತು ಕವಿಯದು. ಕಾಗದ ಕೈಗೆ ಸಿಗದ ಕಾಲದಾಗ ಹಿರಿಯರು ಮಾಡಿಟ್ಟ ನೋಂದಣಿ ಅದು.

ಹಾಡನ್ನು ತಟ್ಟೆಯೊಳಗ ಹಿಡಿಯುವ ಯಂತ್ರ ಬಂದಾಗಲೂ ಇದೇ ಉಪಾಯ ಬೇಕಾಯಿತು. 1902ರ ನವೆಂಬರದಲ್ಲಿ ಕಲ್ಕತ್ತೆಗೆ ಬಂದಿದ್ದ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್, ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರದಲ್ಲಿ. ಅಲ್ಲಿಯ ಮಂದಿಗೆ ನಮ್ಮ ಭಾಷೆ ತಿಳಿಯದು. ಹೆಸರು ಕೇಳಿಯೇ ತಟ್ಟೆಗೆ ಚೀಟಿ ಹಚ್ಚಬೇಕಿತ್ತು. ಈ ಗೌಹರ್ ಜಾನ್ ಕಡೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಹೆಸರೇನೋ ಉಳೀತು. ರೊಕ್ಕದ ಮಾತು? ಆ ಜಗಳ ಅದಕ್ಕೂ ಮೊದಲೇ ಪ್ಯಾರಿಸ್ ಪಟ್ಟಣದಾಗ ಹುಟ್ಟಿತ್ತು. 1847ರಲ್ಲಿ ಎರ್ನೆಸ್ಟ್ ಬೂರ್ಜೆ ಎಂಬ ಹಾಡು ಬರೆಯುವವನು ಒಂದು ಹೋಟೆಲಿನಲ್ಲಿ ಕುಂತು ಸಕ್ಕರೆ ನೀರು ಕುಡಿದ. ಅಲ್ಲಿ ಅವನದೇ ಹಾಡು ನಡೆದಿತ್ತು. “ನನ್ನ ಹಾಡಿಗೆ ನೀವು ರೊಕ್ಕ ಕೊಡದಿದ್ದರೆ, ನಿಮ್ಮ ನೀರಿಗೆ ನಾನೂ ಕೊಡೂದಿಲ್ಲ” ಅನ್ನುವಂಥ ವಾದ ಹೂಡಿದ. ಕೋರ್ಟಿನಲ್ಲಿ ಗೆದ್ದ. 1851ರಲ್ಲಿ ಅಲ್ಲಿ ಹಾಡು ಕಟ್ಟುವವರ ಸಂಘ ಆಯಿತು. ಹಾಡು ಬಳಸಿದವರು ಪಟ್ಟಿ ಬರೆದು ಕೊಡಬೇಕು, ಸಂಘದವರು ರೊಕ್ಕ ವಸೂಲಿ ಮಾಡಿ ಪಟ್ಟಿ ನೋಡಿ ಹಂಚಬೇಕು. ಇದಕ್ಕೇ ರಾಯಲ್ಟಿ ಅಂತಾರ.

ನಮ್ಮ ದೇಶದಾಗ ಈಗಿನ ಕಾಪಿರೈಟ್ ಕಾಯ್ದೆ ಬಂದದ್ದು 1957ರಲ್ಲಿ, ಐಪಿಆರ್‌ಎಸ್ ಸಂಘ ಆದದ್ದು 1969ರಲ್ಲಿ. 1977ರಲ್ಲಿ ಸುಪ್ರೀಂ ಕೋರ್ಟು, ಸಿನಿಮಾಕ್ಕಾಗಿ ಬರೆಸಿದ ಹಾಡಿನ ಹಕ್ಕು ಬೇರೆ ಕರಾರಿಲ್ಲದಿದ್ದರೆ ನಿರ್ಮಾಪಕನದು ಎಂದಿತು. ಅದೇ ತೀರ್ಪಿನ ಕೊನೆಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಹಾಡುವವನಿಗೆ ಕಾಯ್ದೆಯಲ್ಲಿ ಜಾಗವಿಲ್ಲದ್ದನ್ನು ನೊಂದು ಎತ್ತಿ ತೋರಿಸಿದರು. 1994ರ ತಿದ್ದುಪಡಿಯಲ್ಲಿ ಹಾಡುಗಾರನ ಹಕ್ಕು ಕಾಯ್ದೆಯೊಳಗೆ ಬಂತು. 2012ರ ತಿದ್ದುಪಡಿಯಲ್ಲಿ, ಹಾಡು ಬರೆದವನು ತನ್ನ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟು ಕೈ ತೊಳಕೊಳ್ಳಲಿಕ್ಕೆ ಬರದಂಗಾತು.

ಇಷ್ಟೆಲ್ಲ ಯಾಕ ಬರೆದೆನಂದ್ರ, 1972ರ ಬರದ ಮ್ಯಾಲೆ ನಾನೊಂದು ಗೀಗೀ ಪದ ಕಟ್ಟಿದ್ದೆ. ನಮ್ಮವ್ವ ಖಡಿ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು, ಅದೇ ಪದದಾಗ ಬಂದೈತಿ. ಮುಂದೆ ಕ್ಯಾಸೆಟ್ ಕಾಲದಲ್ಲಿ ಒಂದು ಕಂಪನಿಯವರು ಅದನ್ನು ಮುದ್ರಿಸಿದರು. ಒಂದು ಸಲ ಸ್ವಲ್ಪ ರೊಕ್ಕ ಕೊಟ್ಟರು, ಇಂಗ್ಲಿಷ್ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಹೋದ ವರ್ಷ ಮೊಮ್ಮಗ ಮೊಬೈಲಿನಾಗ ಆ ಪದ ಹಚ್ಚಿ ತೋರಿಸಿದ. ಧ್ವನಿ ನನ್ನದೇ. ಕೆಳಗೆ ಬರೆದದ್ದು, “ಸಾಂಪ್ರದಾಯಿಕ.” ಅಂದ್ರ ಕಟ್ಟಿದವರು ಯಾರೂ ಇಲ್ಲ! ರೊಕ್ಕಕ್ಕಿಂತ ಅದು ಎದಿಗೆ ನಟ್ಟಿತು. ನಮ್ಮವ್ವನ ಕಷ್ಟಕ್ಕ ವಾರಸುದಾರರೇ ಇಲ್ಲದಂಗಾತು.

ಹೆಸರು ಸೇರಿಸಲಿಕ್ಕೆ ಕಂಪ್ಯೂಟರ್ ಅರ್ಜಿ ಐತಿ ಅಂದರು. ತೆರೆದು ನೋಡಿದರೆ ಹಳೇ ಕಾಗದದ ಅರ್ಜಿಯನ್ನೇ ಗಾಜಿನ ಮೇಲೆ ಅಂಟಿಸಿದಂಗಿತ್ತು. ಎಲ್ಲ ಇಂಗ್ಲಿಷು. ಮುದ್ರಣಕ್ಕೊಂದು 12 ಅಕ್ಷರ-ಅಂಕಿಯ ಗುರುತು ಇರತೈತಂತ, ಅದನ್ನು ಬರೆಯಿರಿ ಅಂತಿತ್ತು. ಕ್ಯಾಸೆಟ್ಟಿನ ಮೇಲೆ ಅದಿಲ್ಲ. ನನ್ನ ಹೆಸರು ಆಧಾರದಾಗ ಒಂದು ತರಹ, ಪಾಸ್‌ಬುಕ್ಕಿನಾಗ ಮತ್ತೊಂದು ತರಹ, ಕ್ಯಾಸೆಟ್ಟಿನ ಮೇಲೆ ಇನ್ನೊಂದು ತರಹ.

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದಾಗ 2018ರಲ್ಲಿ ಹೊಸ ಕಾಯ್ದೆ ಮಾಡಿ, 2021ರ ಜನವರಿಯಿಂದ ಈ ಲೆಕ್ಕಕ್ಕೆ ಒಂದೇ ಸಂಸ್ಥೆ, ಒಂದೇ ಜಾಲತಾಣ ಇಟ್ಟರು. ಮಾಲೀಕರ ಗುರುತು ಹತ್ತದೆ ಕಂಪನಿಗಳ ಬಳಿ ಉಳಿದಿದ್ದ 42 ಕೋಟಿ ಡಾಲರಿಗೂ ಹೆಚ್ಚಿನ ರೊಕ್ಕ ಆ ಸಂಸ್ಥೆಗೆ ಬಂದು ಬಿತ್ತು. ರೊಕ್ಕ ಐತಿ, ಹಾಡೂ ಐತಿ, ನಡುವಿನ ಹೆಸರೇ ಇಲ್ಲ.

ನಾನು ಏಳನೇತ್ತೆ ಓದಿದವ. ಆದರೆ ದ್ರಾಕ್ಷಿ ಕಳಿಸಿದರೆ ಅಡತಿ ಅಂಗಡಿಯಿಂದ ಪಟ್ಟಿ ಬರತೈತಿ: ಎಷ್ಟು ಬಾಕ್ಸು, ಏನು ದರ, ಹಮಾಲಿ ಎಷ್ಟು, ಕೈಗೆ ಎಷ್ಟು. ರಾಯಲ್ಟಿಯ ಲೆಕ್ಕವೂ ಹಾಂಗ ಇರಲಿ. ಅರ್ಜಿ ನಮ್ಮ ಅಕ್ಷರದಾಗ ಇರಲಿ. ಕಟ್ಟಿದವರು ಯಾರು, ಹಾಡಿದವರು ಯಾರು, ದಪ್ಪು ಬಾರಿಸಿದವರು ಯಾರು ಅಂತ ಬೇರೆ ಬೇರೆ ಕೇಳಲಿ. ಬರೆಯಲು ಬರದವರು ಎರಡು ನುಡಿ ಹಾಡಿದರೆ ಯಂತ್ರವೇ ಹಾಡು ಹುಡುಕಲಿ. ಅರ್ಜಿ ಎಲ್ಲಿ ನಿಂತೈತಿ ಅಂತ ತೋರಿಸಲಿ.

ಒಂದು ಮಾತು ನಮಗೂ ಐತಿ. ಅಜ್ಜ-ಮುತ್ತಜ್ಜರಿಂದ ಬಂದ ಪದಕ್ಕೆ ನನ್ನ ಹೆಸರು ಹಚ್ಚಿದರೆ ಅದೂ ಕಳವೇ. ಅದು ಊರಿನದು ಅಂತಲೇ ಬರೆಯಬೇಕು. ಅದಕ್ಕೇ ನಮ್ಮ ವಾಚನಾಲಯದಾಗ ಒಂದು ವಹಿ ಇಟ್ಟೇವಿ. ಪದದ ಮೊದಲ ನುಡಿ, ಕಟ್ಟಿದವರು, ಕಲಿಸಿದವರು, ವರ್ಷ. ಈಗ 63 ಪದ ಬರೆದಾಗೇದ. ಅದರಾಗ 9 ಮಾತ್ರ ನನ್ನವು.

ಅರ್ಜಿಯ ಉತ್ತರ ಇನ್ನೂ ಬಂದಿಲ್ಲ. ಬರೋತನಕ ಬರದ ಪದಕ್ಕೆ ಒಂದು ನುಡಿ ಹೆಚ್ಚಿಗಿ ಕಟ್ಟೇನಿ. ಅದರಾಗ ನಮ್ಮವ್ವನ ಹೆಸರೈತಿ.