ಬೆಣ್ಣಿ ತೂಗೋ ಕಲ್ಲು

ಅಜ್ಜಿ ಹೋದಮ್ಯಾಲ ಆಕಿ ಟ್ರಂಕ್ ಖಾಲಿ ಮಾಡುವಾಗ ನಾನೊಂದು ತಪ್ಪು ಮಾಡಿದೆ. ಸೀರಿ, ಕಾಗದ, ಚಿಲ್ಲರ ಎಲ್ಲಾ ಒಮ್ಮೆಲೇ ನೆಲಕ್ಕ ಸುರುವಿದೆ. ಅವ್ವ ಒಂದು ಇಳಕಲ್ ಸೀರಿ ಎತ್ತಿ ಹಿಡಿದು, "ಇದು ಯಾವುದರ ಕೆಳಗಿತ್ತವಾ? ಅಜ್ಜಿ ಮದುವಿದೋ, ಆಮ್ಯಾಲಿಂದೋ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ. ಚಿಲ್ಲರದಾಗ ತೂತಿನ ಪೈಸೆ ಇತ್ತು, 1943ರಿಂದ 1947ರ ತನಕ ಅಷ್ಟೇ ಅಚ್ಚಾದದ್ದು. ಅದು ಯಾವ ಸೀರಿ ಮಡಿಕೆಯೊಳಗಿತ್ತು ಅಂತ ನೋಡಿದ್ದರೂ ಸಾಕಾಗಿತ್ತು.

ವಿಲಿಯಂ ಸ್ಮಿತ್ ಅನ್ನೋ ಇಂಗ್ಲೆಂಡಿನ ಸರ್ವೇಯರ್ ಈ ತಪ್ಪು ಮಾಡಲಿಲ್ಲ. 1769ರಲ್ಲಿ ಆಕ್ಸ್‌ಫರ್ಡ್‌ಶೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವ, ಕಮ್ಮಾರನ ಮಗ. ಆ ಸೀಮಿಯ ಹೆಣ್ಣುಮಕ್ಕಳು ಹೊಲದಾಗ ಸಿಗುವ ಒಂದು ದುಂಡನೆ ಕಲ್ಲು ಇಟ್ಟು ಬೆಣ್ಣಿ ತೂಗುತ್ತಿದ್ದರು. ಅದು ಕಲ್ಲಲ್ಲ, ಮೈತುಂಬ ಮುಳ್ಳಿದ್ದ ಸಮುದ್ರದ ಪ್ರಾಣಿಯ ಪಳೆಯುಳಿಕೆ. ಹುಡುಗರು ಗೋಲಿ ಆಡ್ತಿದ್ದದ್ದೂ ಕಲ್ಲಾದ ಸಣ್ಣ ಚಿಪ್ಪುಗಳಿಂದನ.

ಮುಂದ ಸ್ಮಿತ್ ಸಾಮರ್‌ಸೆಟ್ಟಿನಲ್ಲಿ ಕಲ್ಲಿದ್ದಲು ಸಾಗಿಸೋ ಕಾಲುವೆಯ ಕೆಲಸಕ್ಕ ಸೇರಿದ. ಅಗೆದಲ್ಲೆಲ್ಲ ಪದರು ಮ್ಯಾಲ ಪದರು, ಅವನೇ ಹೋಲಿಸಿದಂಗ ಬೆಣ್ಣಿ ಸವರಿದ ಬ್ರೆಡ್ಡಿನ ಚೂರು ಒಂದರ ಮ್ಯಾಲೊಂದು ಇಟ್ಟಂಗ. ಆದರೆ ಒಂದು ಜೇಡಿಮಣ್ಣು ಇನ್ನೊಂದರಂತೆಯೇ ಕಾಣ್ತದ; ಬಣ್ಣ ನೋಡಿ ನಂಬಿದರ ಮೋಸ. ಅವುಗಳೊಳಗಿನ ಚಿಪ್ಪುಗಳು ಮಾತ್ರ ಬ್ಯಾರೆ ಬ್ಯಾರೆ, ಮತ್ತ ಎಲ್ಲಿ ಅಗೆದರೂ ಅದೇ ಸರದಿಯಲ್ಲಿ ಬರ್ತಿದ್ದವು. 1796ರ ಜನವರಿಯಲ್ಲಿ ಇದನ್ನ ಬರೆದಿಟ್ಟ. ಒಬ್ಬ ಪಾದ್ರಿಯ ಮನೆಯಲ್ಲಿದ್ದ ಚಿಪ್ಪುಗಳನ್ನ ನೋಡಿ, ಯಾವುದು ಯಾವ ಪದರಿನದು ಅಂತ ಹೇಳಿ ಅವರನ್ನ ಬೆರಗುಗೊಳಿಸಿದ.

ಎಲ್ಲ ಪಳೆಯುಳಿಕೆಯೂ ಇದಕ್ಕ ಬರೂದಿಲ್ಲ. ನಮ್ಮ ಮನಿ ರುಬ್ಬೋ ಕಲ್ಲು ಮೂರು ತಲೆಮಾರಿನಿಂದ ಹಂಗ ಅದ. ಅದರಿಂದ ಕಾಲ ಗೊತ್ತಾಗೂದಿಲ್ಲ. ಲಿಂಗುಲಾ ಎಂಬ ಚಿಪ್ಪು ಅಂಥದ್ದು, ಕೋಟಿಗಟ್ಟಲೆ ವರ್ಷ ಹೆಚ್ಚು ಬದಲಾಗಿಲ್ಲ. ಬೇಕಾದದ್ದು ತೂತಿನ ಪೈಸೆಯಂಥದ್ದು: ಸ್ವಲ್ಪೇ ಕಾಲ ಇತ್ತು, ಆದರ ಎಲ್ಲಾ ಕಡೆ ಇತ್ತು. ಸುರುಳಿ ಚಿಪ್ಪಿನ ಅಮೋನೈಟ್ ಹಂಗ. ಸಮುದ್ರದಾಗ ದೂರ ದೂರ ಹರಡಿತ್ತು, ಅದರ ಜಾತಿಗಳು ಬೇಗ ಬೇಗ ಬದಲಾದವು. ಅಜ್ಜಿ ದಿನಾ ನೀರು ಹಾಕಿ ಪೂಜಿಸುತ್ತಿದ್ದ ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಇದೇ ಅಮೋನೈಟಿನದು! ಈ ಪ್ರಾಣಿಗಳು ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದ ಅಳಿದವು. ಈ ವರ್ಷದ ಲೆಕ್ಕ ಸ್ಮಿತ್‌ಗೆ ಗೊತ್ತಿರಲಿಲ್ಲ ನೋಡ್ರಿ. ಅವನಿಗೆ ತಿಳಿದದ್ದು ಹಿಂದು-ಮುಂದು ಅಷ್ಟೇ. ಜ್ವಾಲಾಮುಖಿಯ ಬೂದಿ ಪದರಿನ ಹರಳಿನೊಳಗ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ವರ್ಷ ಕೂಡಿಸಿದ್ದು 20ನೇ ಶತಮಾನದವರು.

1815ರಲ್ಲಿ ಅವನ ದೊಡ್ಡ ನಕಾಶೆ ಬಂತು. ಇಂಗ್ಲೆಂಡ್, ವೇಲ್ಸಿನ ಪದರುಗಳೆಲ್ಲ ಬಣ್ಣದಾಗ. ಆದರೆ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಸಿರಿವಂತರು ಅವನನ್ನ ಒಳಗ ಕರಕೊಳ್ಳಲಿಲ್ಲ. ಅವನ ಕೆಲಸದಿಂದ ಸಾಕಷ್ಟು ಎತ್ತಿಕೊಂಡು ತಮ್ಮದೇ ನಕಾಶೆ ತಂದರು. ಸಾಲ ಅವರಿಂದಾನೇ ಆತು ಅನ್ನಾಂಗಿಲ್ಲ. ಕಲ್ಲಿನ ಗಣಿ ವ್ಯಾಪಾರಕ್ಕ ಇಳಿದು ಅವನೇ ಕೈ ಸುಟ್ಟುಕೊಂಡಿದ್ದ. ಪದರು ಪದರಾಗಿ ಜೋಡಿಸಿದ್ದ 2,000ಕ್ಕೂ ಹೆಚ್ಚು ಪಳೆಯುಳಿಕೆಗಳನ್ನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿದ. ಆದರೂ 1819ರಲ್ಲಿ ಸಾಲಗಾರರ ಜೈಲು ತಪ್ಪಲಿಲ್ಲ. ಅದೇ ಸೊಸೈಟಿ 1831ರಲ್ಲಿ ತನ್ನ ಮೊದಲ ವೊಲಾಸ್ಟನ್ ಪದಕವನ್ನ ಅವನಿಗೇ ಕೊಟ್ಟಿತು.

ಆ ಇಳಕಲ್ ಸೀರಿ ಈಗ ನನ್ನ ಟ್ರಂಕಿನ್ಯಾಗದ. ತೂತಿನ ಪೈಸೆ ಅದರ ಜೋಡಿ ಇಟ್ಟಿಲ್ಲ, ಬ್ಯಾರೆ ಡಬ್ಬಿಯೊಳಗ ಇಟ್ಟೀನಿ.