ಬಯಲುಸೀಮೆಯಲ್ಲಿ ಪರಿಸರಸ್ನೇಹಿ ಕ್ರೀಡಾಕೂಟ: ಯಗಟಿಯ ನೆಲದಲ್ಲಿ ನೀರಿನ ಲೆಕ್ಕ

ಕ್ರಿಕೆಟ್, ವಾಲಿಬಾಲ್, ತ್ರೋಬಾಲ್, ಹಗ್ಗಜಗ್ಗಾಟ, ಮಳೆಗಾಲ ಬಂದರೆ ಕೆಸರುಗದ್ದೆಯ ಆಟಗಳು. ಕರಾವಳಿಯ ಧರ್ಮಕೇಂದ್ರಗಳ ಯುವಜನರಿಗೆ ಕ್ರೀಡಾಕೂಟ ನಡೆಸುವುದು ಹೊಸತಲ್ಲ. ‘ಪರಿಸರಸ್ನೇಹಿ’ ಎಂದಾಗ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಸಂಜೆ ಮೈದಾನದಲ್ಲಿ ಪ್ಲಾಸ್ಟಿಕ್ ಹೆಕ್ಕುವ ಕೆಲಸ. ಅದು ಬೇಕಾದದ್ದೇ. ಆದರೆ ಯಾವ ಆಟ, ಯಾವ ತಿಂಗಳು, ಯಾವ ಜಾಗ ಎಂದು ಸಮಿತಿ ತೀರ್ಮಾನಿಸಿದ ದಿನವೇ ಕೂಟದ ಅರ್ಧ ಹೊರೆ ನಿರ್ಧಾರವಾಗಿರುತ್ತದೆ. ಧಾರಾಳ ಮಳೆಯ ನಮ್ಮ ಊರಿನಲ್ಲಿ ಇದು ಬೇಗ ಗಮನಕ್ಕೆ ಬರುವುದಿಲ್ಲ. ಘಟ್ಟದ ಮೇಲೆ ಹೋಗಿ ಕೂಟ ನಡೆಸುವವರಿಗೆ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ. ಆದ್ದರಿಂದ ಕಡೂರು ತಾಲೂಕಿನ ಯಗಟಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ನಮಗೆ ನೆನಪಾಗುವುದು ಕಾಫಿ ತೋಟ, ಮಂಜು, ಜಡಿಮಳೆ. ಯಗಟಿ ಹೋಬಳಿ ಹಾಗಿಲ್ಲ. ಇದು ರಾಗಿ, ತೆಂಗುಗಳ ಬಯಲುನಾಡು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆಯಾದರೆ, ಕಡೂರಿನ ಬಯಲಿನಲ್ಲಿ 600 ಮಿ.ಮೀ. ಆಸುಪಾಸು. ಬರಪೀಡಿತ ತಾಲೂಕುಗಳ ಪಟ್ಟಿಯಲ್ಲಿ ಕಡೂರಿನ ಹೆಸರು ಮತ್ತೆ ಮತ್ತೆ ಬಂದಿದೆ. ಇಲ್ಲಿ ಧೂಳು ಏಳದಂತೆ ಮೈದಾನಕ್ಕೆ ನೀರು ಹೊಡೆಸುವುದೆಂದರೆ ಯಾರದೋ ಕೊಳವೆಬಾವಿಯಿಂದ ಎತ್ತಿದ ನೀರನ್ನು ನೆಲಕ್ಕೆ ಸುರಿಯುವುದು.

ಎಷ್ಟು ನೀರು? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಧೂಳು ಅಡಗಲು ಎರಡು ಮಿ.ಮೀ. ಬೇಕೆಂದು ಇಟ್ಟುಕೊಳ್ಳಿ. ನಡುವಿನಿಂದ ಗಡಿಗೆ 50 ಮೀಟರ್ ಇರುವ ಕ್ರಿಕೆಟ್ ಮೈದಾನದ ವಿಸ್ತೀರ್ಣ ಸುಮಾರು 7,850 ಚದರ ಮೀಟರ್. ಅದಕ್ಕೆ ಒಂದು ಸಲ ನೀರು ಹೊಡೆಸಲು 15,700 ಲೀಟರ್ ಬೇಕು. 5,000 ಲೀಟರಿನ ಮೂರು ಟ್ಯಾಂಕರ್ ತಂದರೂ ಸಾಲದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿತು. ಆ ಲೆಕ್ಕದಲ್ಲಿ ಇದು 285 ಜನರ ಒಂದು ದಿನದ ನೀರು. ಮಧ್ಯಾಹ್ನ ಮತ್ತೊಮ್ಮೆ ಹೊಡೆಸಿದರೆ ಎರಡರಷ್ಟು.

ಅದೇ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. 260 ಲೀಟರ್ ಸಾಕು. ವಾಲಿಬಾಲ್ ಅಂಕಣಕ್ಕೆ 324 ಲೀಟರ್. ಹಗ್ಗಜಗ್ಗಾಟಕ್ಕೆ ನೀರೇ ಬೇಡ. ಕ್ರಿಕೆಟ್ ಇಲ್ಲದೆ ಯುವಕರು ಬರುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಗ ಗಡಿಯನ್ನು ಚಿಕ್ಕದು ಮಾಡಿ, ಪಿಚ್ಚಿಗೆ ಮ್ಯಾಟ್ ಹಾಸಿ, ಉಳಿದ ನೆಲವನ್ನು ಹಾಗೆಯೇ ಬಿಡಬಹುದು. ಹಿಂಗಾರು ಮಳೆ ಮುಗಿದ ಹೊತ್ತಿನಲ್ಲಿ ಧೂಳೂ ಕಡಿಮೆ. ಆದರೆ ಅದು ರಾಗಿ ಕೊಯ್ಲಿನ ಕಾಲ. ಊರಿನವರನ್ನು ಕೇಳದೆ ದಿನಾಂಕ ಗೊತ್ತುಮಾಡಬಾರದು.

ಕುಡಿಯುವ ನೀರಿನಲ್ಲಿ ಮಾತ್ರ ಜಿಪುಣತನ ಸಲ್ಲದು. 300 ಜನರಿಗೆ ತಲಾ ಮೂರು ಲೀಟರಿನಂತೆ 900 ಲೀಟರ್ ಬೇಕು. ಅದನ್ನು 200 ಮಿ.ಲೀ. ಬಾಟಲಿಗಳಲ್ಲಿ ಹಂಚಿದರೆ 4,500 ಬಾಟಲಿ. 20 ಲೀಟರಿನ ಕ್ಯಾನುಗಳಲ್ಲಿ ತಂದರೆ 45 ಕ್ಯಾನು, ಅವೂ ಮರಳಿ ಅಂಗಡಿಗೆ ಹೋಗುತ್ತವೆ. ಆಲ್ಪ್ಸ್ ಪರ್ವತದ ಹೆಸರಾಂತ ಯು.ಟಿ.ಎಂ.ಬಿ. ಓಟದಲ್ಲಿ ಓಟಗಾರರು ತಮ್ಮ ಲೋಟವನ್ನು ತಾವೇ ಹೊತ್ತು ಓಡಬೇಕೆಂಬ ನಿಯಮವಿದೆ. ನಮ್ಮ ಆಮಂತ್ರಣ ಪತ್ರದಲ್ಲೂ ‘ನಿಮ್ಮ ನೀರಿನ ಬಾಟಲಿ ತನ್ನಿ’ ಎಂಬ ಒಂದು ಸಾಲು ಸೇರಿಸಬಹುದು.

ಊಟದ ತಟ್ಟೆಯ ವಿಷಯದಲ್ಲಿ ಕರಾವಳಿಗೆ ಒಂದು ನ್ಯಾಯ, ಯಗಟಿಗೆ ಇನ್ನೊಂದು. ನಮ್ಮಲ್ಲಿ ಸ್ಟೀಲ್ ತಟ್ಟೆ ತೊಳೆದು ಬಳಸುವುದೇ ಉತ್ತಮ. ತೊಳೆಯುವ ನೀರಿಗೇ ಬರವಿರುವ ಕಡೆ ಅಡಿಕೆ ಹಾಳೆಯ ತಟ್ಟೆ ಅಥವಾ ಮುತ್ತುಗದ ಎಲೆ ಲೇಸು. ಒಳಗೆ ಪ್ಲಾಸ್ಟಿಕ್ ಪದರವಿರುವ ‘ಪೇಪರ್’ ತಟ್ಟೆ, ಲೋಟಗಳಿಗೆ ಮೋಸಹೋಗಬೇಡಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರ್, ತೋರಣಗಳನ್ನು ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಹಳೆಯ ಸೀರೆಯ ತೋರಣ ಕಣ್ಣಿಗೂ ಚೆಂದ.

ಮಿಕ್ಕ ಅನ್ನವನ್ನು ‘ದನ ತಿನ್ನಲಿ’ ಎಂದು ಮೈದಾನದ ಮೂಲೆಗೆ ಸುರಿಯುವ ಅಭ್ಯಾಸ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಆದರೆ ಹಸು ಒಮ್ಮೆಲೇ ಹೆಚ್ಚು ಅನ್ನ ತಿಂದರೆ ಹೊಟ್ಟೆಯಲ್ಲಿ ಆಮ್ಲ ಏರಿ ಸಾಯಲೂಬಹುದು. ಗುಂಡಿ ತೋಡಿ ಗೊಬ್ಬರ ಮಾಡಿ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಗಳ ಬಗ್ಗೆ ಸ್ಥಳೀಯ ಸಂಸ್ಥೆಗೆ ಮೂರು ಕೆಲಸದ ದಿನ ಮೊದಲೇ ತಿಳಿಸಿ, ಕಸವನ್ನು ಅಲ್ಲೇ ಬೇರ್ಪಡಿಸಬೇಕೆಂಬ ಮಾತು 2016ರ ಘನತ್ಯಾಜ್ಯ ನಿಯಮಗಳಲ್ಲಿ ಸೇರಿತು. ಆದ್ದರಿಂದ ಪಂಚಾಯತಿಗೆ ಮೊದಲೇ ಪತ್ರ ಕೊಡಿ. ಅಲ್ಲಿ ಒಣಕಸ ತೆಗೆದುಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಬಂದ ಬಸ್ಸಿನಲ್ಲೇ ವಾಪಸು ತನ್ನಿ. ಇದಕ್ಕೆ ಒಬ್ಬ ಗುರಿಕಾರರನ್ನು ಹೆಸರು ಹಿಡಿದು ನೇಮಿಸಿ. ‘ಎಲ್ಲರೂ ಸೇರಿ ಮಾಡೋಣ’ ಎಂದ ಕೆಲಸವನ್ನು ಯಾರೂ ಮಾಡುವುದಿಲ್ಲ!

ಜಾಗದ ಬಗ್ಗೆ ಒಂದು ಎಚ್ಚರಿಕೆ. ಈ ಸೀಮೆಯಲ್ಲಿ ಮರಗಳಿಲ್ಲದ ವಿಶಾಲ ಹುಲ್ಲುಗಾವಲು ಕಂಡರೆ ಖಾಲಿ ಮೈದಾನವೆಂದು ತಿಳಿಯಬಾರದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಮೀಸಲಾಗಿದ್ದ ಕಾವಲುಗಳು ಇಲ್ಲಿವೆ. ಕಡೂರು ತಾಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಬಯಲಿನ ಬಾನಾಡಿ ಹಕ್ಕಿಗಳು ನೆಲದಲ್ಲೇ ಗೂಡು ಮಾಡುತ್ತವೆ. ಒಂದು ಬೀಡಿಯ ಕಿಡಿ ಒಣಹುಲ್ಲಿಗೆ ಸಾಕು. ಶಾಲೆಯ ಮೈದಾನವೇ ಇರಲಿ. ಅಲ್ಲಿ ಶೌಚಾಲಯವೂ ಸಿಗುತ್ತದೆ, ಹೆಣ್ಣುಮಕ್ಕಳ ತಂಡಗಳಿಗೆ ಅದು ಮುಖ್ಯ.

ಗೆರೆ ಎಳೆಯಲು ಸುಟ್ಟ ಸುಣ್ಣ ಬೇಡ; ಬೆವರಿಗೆ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸೀಮೆಸುಣ್ಣದ ಪುಡಿ ಸಾಕು. ಬಹುಮಾನವಾಗಿ ಸಸಿ ಕೊಡುವುದು ಈಗಿನ ವಾಡಿಕೆ. ಜನವರಿಯಲ್ಲಿ ಯಗಟಿಯಲ್ಲಿ ಕೊಟ್ಟ ಸಸಿ ಫೋಟೋದಲ್ಲಿ ಮಾತ್ರ ಬದುಕುತ್ತದೆ. ಗೆದ್ದವರಿಗೆ ಸ್ಟೀಲ್ ನೀರಿನ ಬಾಟಲಿ ಕೊಡಿ. ಸಸಿಯನ್ನು ಮುಂಗಾರು ಹಿಡಿದ ಮೇಲೆ ಶಾಲೆಗೆ ಕಳುಹಿಸಿ, ಬೇಲಿಯ ಖರ್ಚನ್ನೂ ಜೊತೆಗೆ.